ಕೆಂಪು ಕಲ್ಲಿನ ನೆಲದಲ್ಲಿ ಉಳಿದದ್ದೆಷ್ಟು?

ಇಳಕಲ್ಲಿನಿಂದ ದೂರದೂರುಗಳಿಗೆ ಹೋಗುವ ಸರಕುಗಳಲ್ಲಿ ಎರಡು ಹೆಸರುವಾಸಿ. ಒಂದು ಸೀರೆ, ಇನ್ನೊಂದು ಕೆಂಪು ಕಲ್ಲು. ಸೀರೆಗೆ ಬೇಕಾದ ನೂಲು, ರೇಷ್ಮೆ, ಬಣ್ಣ ಬಹುಪಾಲು ಹೊರಗಿನಿಂದ ಬರುತ್ತವೆ. ಊರಿನದು ಎನ್ನಬಹುದಾದದ್ದು ಮಗ್ಗದ ಮುಂದೆ ಕುಳಿತವರ ಕಸಬು: ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುವ ಜಾಣ್ಮೆ. ಆ ಕೆಲಸದಿಂದಲೇ ಸೀರೆಗೆ ಊರಿನ ಹೆಸರು ನಿಂತಿತು, ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕಲ್ಲಿನ ಕತೆ ಇದಕ್ಕೆ ತದ್ವಿರುದ್ಧ. ಕಲ್ಲು ಪೂರ್ತಿ ಇಲ್ಲಿನದು. ಅದನ್ನು ಹಲಗೆಯಾಗಿ ಕೊಯ್ದು, ಉಜ್ಜಿ, ಹೊಳಪು ತರಿಸುವ ಕೆಲಸದ ದೊಡ್ಡ ಪಾಲು ಮಾತ್ರ ಬೇರೆ ಊರುಗಳದು, ಬೇರೆ ದೇಶಗಳದು. ಒಂದೇ ಊರಿನ ಈ ಎರಡು ಸರಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗಣಿಯನ್ನು ನೆಚ್ಚಿದ ನಾಡುಗಳ ಪಾಡು ಅರ್ಥವಾಗುತ್ತದೆ. ಸಂಪತ್ತು ನೆಲದಡಿಯಲ್ಲಿ ಇದ್ದರೆ ಸಾಲದು; ಅದರ ಮೇಲಿನ ಕೆಲಸ ಎಲ್ಲಿ ನಡೆಯುತ್ತದೆ, ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕೂಡಲಸಂಗಮವನ್ನು ನಡುವೆ ಇಟ್ಟುಕೊಂಡು ಈ ಸೀಮೆಯ ಗಣಿಗಳ ಇತಿಹಾಸವನ್ನು ನೋಡಬಹುದು. ಮಲಪ್ರಭೆ ಬಾದಾಮಿ ಸೀಮೆಯ ಮರಳುಗಲ್ಲಿನ ಗುಡ್ಡಗಳನ್ನು ಬಳಸಿ, ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಬಂದು ಇಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಕ್ಷಿಣಕ್ಕೆ ಹುನಗುಂದ, ಇಳಕಲ್ಲುಗಳ ಕೆಂಪು ಗ್ರಾನೈಟ್ ನೆಲ. ಹುನಗುಂದದಿಂದ ಕುಷ್ಟಗಿಯವರೆಗೆ ಚಾಚಿದ ಶಿಲಾಪಟ್ಟಿಯಲ್ಲಿ ಕಬ್ಬಿಣದ ಪದರಗಳಿವೆ. ಪೂರ್ವಕ್ಕೆ ಮುದಗಲ್ಲು, ಲಿಂಗಸುಗೂರು ದಾಟಿದರೆ ಹಟ್ಟಿಯ ಚಿನ್ನ. ಪಶ್ಚಿಮಕ್ಕೆ ಕಲಾದಗಿ, ಲೋಕಾಪುರದ ಸುಣ್ಣದ ಕಲ್ಲು. ಬಾಗಲಕೋಟೆಯ ಹಳೆಯ ಸಿಮೆಂಟ್ ಕಾರ್ಖಾನೆಗೂ ಮುದ್ದಾಪುರದ ಹೊಸ ಕಾರ್ಖಾನೆಗೂ ಮೂಲ ಅದೇ. ಈ ಸೀಮೆಯ ಶಿಲೆಗಳನ್ನು ಆಧುನಿಕ ಭೂವಿಜ್ಞಾನದ ಕಣ್ಣಿನಿಂದ ಮೊದಲು ಕ್ರಮವಾಗಿ ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಮೇಲಿನ ಅವರ ಗ್ರಂಥ 1876ರಲ್ಲಿ ಬಂತು. ಅಲ್ಲಿಯ ಶಿಲಾಸ್ತರಗಳಿಗೆ ಅವರು ಬಳಸಿದ ಕಲಾದಗಿ ಎಂಬ ಹೆಸರು ಇವತ್ತಿಗೂ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಅದೇ ಫೂಟ್ ಮುಂದೆ ಬಳ್ಳಾರಿ ಜಿಲ್ಲೆಯ ಮೇಲೂ ಗ್ರಂಥ ಬರೆದರು. ಈ ಕತೆ ಕೊನೆಗೆ ಹೋಗಿ ಮುಟ್ಟುವುದು ಆ ಬಳ್ಳಾರಿಯನ್ನೇ.

ಮೊದಲು ಚಾಲುಕ್ಯರ ಕಾಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನದ ಕಾಲ ಕ್ರಿ.ಶ. 578. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯ ಶಾಸನ 634ರದು. ಎಂಟನೆಯ ಶತಮಾನದಲ್ಲಿ, ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ, ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಈಗ ವಿರೂಪಾಕ್ಷ ಎಂದು ಕರೆಯುವ ಗುಡಿಯನ್ನು ಕಟ್ಟಿಸಿದಳು. ಇನ್ನೂರು ವರ್ಷ ಈ ಕಣಿವೆಯಲ್ಲಿ ಕಲ್ಲು ಒಡೆದರು, ಸಾಗಿಸಿದರು, ಕೆತ್ತಿದರು. ಪಟ್ಟದಕಲ್ಲಿನ ಸಮೀಪದ ಹಳೆಯ ಕಲ್ಲುಗಣಿಗಳಲ್ಲಿ ಉಳಿಯ ಗುರುತುಗಳು ಇನ್ನೂ ಹಸಿಯಾಗಿ ಕಾಣುತ್ತವೆ. ರಾಜನ ಖಜಾನೆಯಿಂದ ಹೊರಟ ಹಣ ಗಣಿಯಲ್ಲಿ, ಗಾಡಿಯಲ್ಲಿ, ಉಳಿಯ ತುದಿಯಲ್ಲಿ ಹಂಚಿಹೋಗಿ ಇದೇ ಕಣಿವೆಯಲ್ಲಿ ಸುತ್ತಿತು. ಅದಕ್ಕಿಂತ ದೊಡ್ಡ ಮಾತೆಂದರೆ, ಕೆಲಸ ಮಾಡಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ವಿರೂಪಾಕ್ಷ ಗುಡಿಯ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದನ್ನು ಶಾಸನವೇ ಹೇಳುತ್ತದೆ. ಆ ಕಾಲದ ದುಡಿಮೆಯಲ್ಲಿ ಬಲವಂತ ಇರಲಿಲ್ಲ, ಎಲ್ಲರಿಗೂ ಹೊಟ್ಟೆ ತುಂಬ ಕೂಲಿ ಸಿಕ್ಕಿತು ಎಂದು ನಾನು ಹೇಳಲಾರೆ. ಆದರೆ ಕಲ್ಲು ಊರು ಬಿಡಲಿಲ್ಲ. 1987ರಲ್ಲಿ ಯುನೆಸ್ಕೊ ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹದಿಮೂರು ಶತಮಾನಗಳ ಹಿಂದೆ ಒಡೆದ ಕಲ್ಲು ಇವತ್ತಿಗೂ ಗೈಡುಗಳಿಗೆ, ಟಾಂಗಾದವರಿಗೆ, ರೊಟ್ಟಿ-ಮೊಸರಿನ ಬುಟ್ಟಿ ಹೊತ್ತು ಬರುವ ಬನಶಂಕರಿಯ ಹೆಣ್ಣುಮಕ್ಕಳಿಗೆ ದುಡಿಮೆ ಕೊಡುತ್ತಿದೆ.

ಪೂರ್ವದ ಚಿನ್ನದ ಕತೆಯಲ್ಲಿ ಇಂಥ ನೆಮ್ಮದಿ ಇಲ್ಲ.

ಕೃಷ್ಣೆ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿನಲ್ಲಿ ಚಿನ್ನ ತೆಗೆದದ್ದು ಕಂಪನಿಗಳ ಕಾಲಕ್ಕಿಂತ ಬಹಳ ಹಿಂದೆ. ಹಟ್ಟಿಯ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷದ ಹಿಂದಿನವು. ಬಂಡೆಯ ಮುಂದೆ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ನೀರೆರಚಿ ಬಿರುಕು ಬಿಡಿಸುವುದು ಅಂದಿನ ವಿಧಾನ. ಹೀಗೆ ನೂರಾರು ಅಡಿ ಕೆಳಕ್ಕೆ ಇಳಿದಿದ್ದರು. ಮಸ್ಕಿಯಲ್ಲಿ ಅಶೋಕನ ಶಾಸನ ಯಾಕಿದೆ ಎಂಬುದಕ್ಕೆ ಈ ಚಿನ್ನವೇ ಕಾರಣವಿರಬೇಕು ಎಂದು ಹಲವು ಇತಿಹಾಸಕಾರರು ಊಹಿಸಿದ್ದಾರೆ. ಆ ಶಾಸನವನ್ನು 1915ರಲ್ಲಿ ಕಂಡವರೂ ಪುರಾತತ್ವದವರಲ್ಲ; ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹೊನ್ನು ಹುಡುಕುತ್ತ ಹೋದವರಿಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕೆತ್ತಿದ ಬಂಡೆ ಸಿಕ್ಕಿತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು ಆ ಬಂಡೆಯಿಂದ.

ಆಗ ಹುನಗುಂದ, ಇಳಕಲ್ಲುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಪಕ್ಕದ ಕುಷ್ಟಗಿ, ಲಿಂಗಸುಗೂರುಗಳಲ್ಲಿ ನಿಜಾಮರ ಆಡಳಿತ. ಆ ನಿಜಾಮ ಸಂಸ್ಥಾನ ತನ್ನ ನೆಲದಡಿಯ ಸಂಪತ್ತನ್ನು ಹೇಗೆ ಕಳೆದುಕೊಂಡಿತು ಎಂಬುದು ಇಂದಿನ ಎಷ್ಟೋ ಬಡ ದೇಶಗಳು ಓದಬೇಕಾದ ಅಧ್ಯಾಯ. 1886ರಲ್ಲಿ ಲಂಡನ್ನಿನಲ್ಲಿ ಒಂದು ಒಪ್ಪಂದವಾಯಿತು. ಸಂಸ್ಥಾನದ ಖನಿಜಗಳನ್ನು ಹುಡುಕಿ ತೆಗೆಯುವ ಹಕ್ಕು ಹೈದರಾಬಾದ್ ಡೆಕ್ಕನ್ ಕಂಪನಿಯ ಕೈಗೆ ಹೋಯಿತು. ಸಿಂಗರೇಣಿಯ ಕಲ್ಲಿದ್ದಲು ಅದರ ಮುಖ್ಯ ಆಸ್ತಿ. ರಾಯಚೂರಿನ ಚಿನ್ನದ ಮೇಲೂ ಅದರ ಕಣ್ಣಿತ್ತು. ಕಂಪನಿಯ ಬಂಡವಾಳ ಹತ್ತು ಲಕ್ಷ ಪೌಂಡು ಎಂದು ಬರೆದಿದ್ದರೂ, ಷೇರುಗಳಲ್ಲಿ ಬಹುಪಾಲನ್ನು ಹಕ್ಕು ಪಡೆದುಕೊಂಡ ಪ್ರವರ್ತಕರೇ ಪೂರ್ತಿ ಹಣ ಸಂದಾಯವಾದ ಷೇರುಗಳೆಂದು ತಮ್ಮಲ್ಲಿ ಹಂಚಿಕೊಂಡರು. ಗಣಿಗೆ ಇಳಿದ ನಿಜವಾದ ಹಣ ಅದರ ಚೂರು ಮಾತ್ರ. ಸಂಸ್ಥಾನದ ಪರವಾಗಿ ವ್ಯವಹಾರ ಮಾಡಿದ ಅಧಿಕಾರಿ ಅಬ್ದುಲ್ ಹಕ್ ಅವರಿಗೂ ಆ ಷೇರುಗಳಲ್ಲಿ ಪಾಲಿತ್ತು. ಮುಂದೆ ಸರ್ಕಾರಕ್ಕಾಗಿ ಷೇರು ಕೊಳ್ಳುವ ಹೊಣೆ ಹೊತ್ತವರೂ ಅವರೇ, ಸರ್ಕಾರಕ್ಕೆ ಮಾರಿದ ಷೇರುಗಳೂ ಅವರವೇ. 1888ರಲ್ಲಿ ಇದು ಬಯಲಾಗಿ ಬ್ರಿಟಿಷ್ ಪಾರ್ಲಿಮೆಂಟು ವಿಚಾರಣಾ ಸಮಿತಿ ನೇಮಿಸಿತು, ಅವರು ಹುದ್ದೆ ಕಳೆದುಕೊಂಡರು. ಗಣಿ ಹಕ್ಕು ಮಾತ್ರ ಕಂಪನಿಯ ಬಳಿಯೇ ಉಳಿಯಿತು.

ಲಿಂಗಸುಗೂರಿನ ಯಾವ ರೈತನೂ ಈ ಒಪ್ಪಂದವನ್ನು ನೋಡಿರಲಾರ. ನೆಲ ಅವನದು, ಒಡೆತನ ಅರಸನದು, ಹಕ್ಕು ಲಂಡನ್ನಿನದು, ಷೇರಿನ ಬೆಲೆ ಏರಿಸಿ ಇಳಿಸಿ ದುಡ್ಡು ಮಾಡಿಕೊಂಡವರು ಗಣಿಯ ಬಾಯಿಯನ್ನೇ ಕಾಣದವರು. ಇಪ್ಪತ್ತೊಂದನೆಯ ಶತಮಾನದಲ್ಲಿ ಆಫ್ರಿಕದ ತಾಮ್ರ, ಕೋಬಾಲ್ಟ್ ಗಣಿಗಳ ಒಪ್ಪಂದಗಳ ಸುದ್ದಿ ಓದುವಾಗಲೆಲ್ಲ ನನಗೆ ಈ 1886 ನೆನಪಾಗುತ್ತದೆ. ಸರ್ಕಾರದ ಪರ ಮಾತಾಡಬೇಕಾದವನೇ ಎದುರು ಪಕ್ಷದಲ್ಲಿ ಪಾಲುದಾರನಾಗಿರುವುದು, ಕಾಗದದ ಬಂಡವಾಳ, ಗುಟ್ಟಿನ ಷರತ್ತು: ಎಲ್ಲವೂ ಅಲ್ಲಿಯೇ ಇವೆ.

ಹಟ್ಟಿಯಲ್ಲಿ 1903ರಿಂದ ಹೊಸ ಕಂಪನಿ ಚಿನ್ನ ತೆಗೆಯಿತು. ಮೊದಲ ಮಹಾಯುದ್ಧದ ನಂತರ ಹಣವಿಲ್ಲದೆ 1920ರಲ್ಲಿ ಗಣಿ ಮುಚ್ಚಿತು. ಗಣಿಯ ಊರು ಗಣಿಯ ಜೊತೆಗೇ ಉಸಿರಾಡುತ್ತದೆ ಎಂಬುದು ಅಲ್ಲಿಯವರಿಗೆ ಆಗಲೇ ಗೊತ್ತಾಯಿತು. ಮೂವತ್ತರ ದಶಕದಲ್ಲಿ ನಿಜಾಮ ಸರ್ಕಾರದ ಭೂವಿಜ್ಞಾನಿ ಲಿಯೊನಾರ್ಡ್ ಮನ್ ರಾಯಚೂರಿನ ಪುರಾತನ ಗಣಿಗಳನ್ನು ಹುಡುಕಿ ದಾಖಲಿಸಿದರು. ಹಟ್ಟಿಯ ನೆಲದ ಪರೀಕ್ಷೆ ಮತ್ತೆ ಶುರುವಾಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ರಾಯಚೂರು ಕನ್ನಡ ನಾಡಿಗೆ ಸೇರಿದಾಗ ಗಣಿಯೂ ಜೊತೆಗೆ ಬಂತು. ಹಟ್ಟಿ ಚಿನ್ನದ ಗಣಿ ಕಂಪನಿ ಎಂದು ಹೆಸರಾಯಿತು. ಇಂದು ದೇಶದಲ್ಲಿ ಅದಿರಿನಿಂದ ನೇರವಾಗಿ ಚಿನ್ನ ತೆಗೆಯುವ ಅತಿ ದೊಡ್ಡ ಗಣಿ ಅದೇ. ವರ್ಷಕ್ಕೆ ಒಂದೂವರೆ ಟನ್ನಿನ ಆಸುಪಾಸು. ಭಾರತ ವರ್ಷಕ್ಕೆ ಆಮದು ಮಾಡುವ ಚಿನ್ನ ನೂರಾರು ಟನ್. ಅಷ್ಟಾದರೂ ಸರ್ಕಾರಿ ಕಂಪನಿಯ ಸಂಬಳ, ಆಸ್ಪತ್ರೆ, ಶಾಲೆಗಳ ಮೇಲೆ ಹಟ್ಟಿ ಪಟ್ಟಣ ನಿಂತಿದೆ.

ಕೋಲಾರದ ಚಿನ್ನದ ಹಾದಿ ಬೇರೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಆ ಚಿನ್ನ ಮೈಸೂರು ಸರ್ಕಾರಕ್ಕೆ ರಾಜಧನ ಕೊಟ್ಟಿತು. ಗಣಿಗೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂತಿ ಎಳೆದರು, 1905ರಲ್ಲಿ ಬೆಂಗಳೂರಿಗೆ ದೀಪ ಬಂದದ್ದು ಅದರ ಬೆನ್ನಿಗೆ. ಅಂದರೆ ಗಣಿಯಿಂದ ಬಂದ ಹಣ ಗಣಿ ಮುಗಿದ ಮೇಲೂ ಉಳಿಯುವ ಒಂದು ಆಸ್ತಿಗೆ ದಾರಿ ಮಾಡಿತು. ಆದರೆ ಆ ಆಸ್ತಿ ಬೆಳೆದದ್ದು ಬೆಂಗಳೂರು-ಮೈಸೂರಿನಲ್ಲಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಗಣಿಯ ಊರಾದ ಕೆಜಿಎಫ್‌ನವರ ಪಾಲಿಗೆ ಉಳಿದದ್ದು ಸೈನೈಡ್ ಬೆರೆತ ಮಣ್ಣಿನ ಗುಡ್ಡಗಳು, ಬೆಳಗಿನ ಜಾವ ಬೆಂಗಳೂರಿನ ರೈಲು ಹಿಡಿಯುವ ಬದುಕು.

ಇಳಕಲ್ಲಿನ ಕಲ್ಲಿಗೆ ಬರೋಣ. ಗ್ರಾನೈಟ್ ಎಂಬ ಹೆಸರು ಇಲ್ಲಿಯವರ ಬಾಯಿಗೆ ಬರುವ ಮೊದಲೂ ಈ ಕಲ್ಲು ಮನೆಯ ಕಟ್ಟೆಯಾಗಿತ್ತು, ಬಾವಿಯ ಮೆಟ್ಟಿಲಾಗಿತ್ತು, ಬೀಸುವ ಕಲ್ಲಾಗಿತ್ತು. ಖಣಿಯಲ್ಲಿ ದುಡಿದವರು ಹೆಚ್ಚಾಗಿ ಒಡ್ಡರು, ಅಂದರೆ ಭೋವಿ ಸಮುದಾಯದವರು. ಕೆರೆ ಕಟ್ಟಿಸಿದ ಸೊನ್ನಲಿಗೆಯ ಸಿದ್ಧರಾಮನನ್ನು ತಮ್ಮ ಗುರುವೆಂದು ನೆನೆಯುವವರು. ಬಂಡೆಯ ಒಳಗಿನ ಎಳೆ ಯಾವ ದಿಕ್ಕಿಗೆ ಓಡುತ್ತದೆ, ಎಲ್ಲಿ ಚಾಣ ಹಾಕಿದರೆ ನೇರ ಸೀಳುತ್ತದೆ ಎಂಬುದು ಅವರಿಗೆ ಬಡಿತದ ಸದ್ದಿನಿಂದಲೇ ತಿಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೊಳಪು ಕಲ್ಲಿಗೆ ಹೊರದೇಶಗಳಲ್ಲಿ ಬೇಡಿಕೆ ಏರಿದಾಗ ಖಣಿಯ ಚಹರೆ ಬದಲಾಯಿತು. ಕಂಪ್ರೆಸರ್ ಬಂತು, ಕ್ರೇನ್ ಬಂತು, ಆಮೇಲೆ ವಜ್ರದ ಮಣಿ ಪೋಣಿಸಿದ ತಂತಿ ಗರಗಸ ಬಂತು. ಬಂಡೆಗೆ ಮೇಲಿಂದಲೂ ಪಕ್ಕದಿಂದಲೂ ತೂತು ಕೊರೆದು, ಅವು ಕೂಡುವಲ್ಲಿ ತಂತಿಯನ್ನು ಸುತ್ತಿ ಹಾಯಿಸಿ, ನೀರು ಬಿಡುತ್ತ ಎಳೆದರೆ ಬೆಟ್ಟದಿಂದ ಗೋಡೆಯಷ್ಟು ದೊಡ್ಡ ತುಂಡು ಬೇರೆಯಾಗುತ್ತದೆ. ಅದನ್ನು ಚೌಕ ಮಾಡಿ, ಮೈಮೇಲೆ ಬಣ್ಣದಲ್ಲಿ ನಂಬರು ಬರೆದು ಲಾರಿಗೆ ಏರಿಸುತ್ತಾರೆ.

ಈ ನಂಬರು ಬರೆದ ಬ್ಲಾಕಿನ ಲೆಕ್ಕ ಗಮನಿಸಬೇಕಾದದ್ದು. ಒಂದು ಘನ ಮೀಟರ್ ಗ್ರಾನೈಟ್ ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎರಡು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದರೆ ಅದರಿಂದ ಮೂವತ್ತು ಚದರ ಮೀಟರಿಗೂ ಮಿಕ್ಕಿ ಹಲಗೆ ಸಿಗುತ್ತದೆ. ಬ್ಲಾಕಿಗೆ ಒಂದು ಬೆಲೆ, ಹಲಗೆಗೆ ಅದರ ಹಲವು ಪಟ್ಟು, ಅಳತೆಗೆ ಕತ್ತರಿಸಿ ಅಂಚು ತಿದ್ದಿ ಅಕ್ಷರ ಕೊರೆದು ನಿಲ್ಲಿಸಿದ ಸಮಾಧಿ ಕಲ್ಲಿಗೆ ಇನ್ನೂ ಎಷ್ಟೋ ಪಟ್ಟು. ಪ್ರತಿ ಹಂತದಲ್ಲೂ ಕೈಗಳು ಬೇಕು, ಯಂತ್ರ ಬೇಕು, ವಿದ್ಯುತ್ ಬೇಕು, ಸಾಲ ಕೊಡುವ ಬ್ಯಾಂಕು ಬೇಕು. ಇಳಕಲ್ಲಿನಲ್ಲೂ ಪಾಲಿಶ್ ಘಟಕಗಳಿವೆ. ಅವುಗಳನ್ನು ಕಟ್ಟಿದವರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ದೊಡ್ಡ ಪ್ರಮಾಣದ ಕೊಯ್ತ, ಉಜ್ಜು, ರಫ್ತಿನ ವ್ಯವಹಾರ ಜಿಗಣಿ, ಹೊಸೂರು, ಚೆನ್ನೈ ಕಡೆ ನೆಲೆಯೂರಿತು; ಮತ್ತಷ್ಟು ಕಲ್ಲು ಬ್ಲಾಕಿನ ರೂಪದಲ್ಲೇ ಹಡಗು ಹತ್ತಿತು. ಇಲ್ಲಿ ಉಳಿಯುವುದು ಖಣಿಯ ಕೂಲಿ, ಲಾರಿ ಬಾಡಿಗೆ, ನೀರು ನಿಂತ ಆಳದ ಹೊಂಡ, ಬ್ಲಾಕಿಗೆ ಒಗ್ಗದ ಕಲ್ಲಿನ ರಾಶಿ. ಬಂಡೆಯಿಂದ ಒಡೆದದ್ದರಲ್ಲಿ ಹೆಚ್ಚಿನ ಪಾಲು ಈ ರಾಶಿಗೇ ಸೇರುತ್ತದೆ. ಕೆಲಸಗಾರನ ಎದೆಯೊಳಗೆ ಸೇರುವ ಕಲ್ಲಿನ ಧೂಳಿನ ಲೆಕ್ಕ ಬೇರೆ. ಆ ಧೂಳಿನಿಂದ ಬರುವ ಸಿಲಿಕೋಸಿಸ್ 1952ರ ಗಣಿ ಕಾಯ್ದೆಯಡಿಯೇ ಅಧಿಸೂಚಿತವಾದ ರೋಗ. ಹಳ್ಳಿಯ ದವಾಖಾನೆಯಲ್ಲಿ ಅದು ಹಲವು ಸಲ ಕ್ಷಯವೆಂದೇ ಬರೆಯಲ್ಪಡುತ್ತದೆ, ಪರಿಹಾರದ ದಾರಿ ಅಲ್ಲಿಗೆ ಮುಚ್ಚುತ್ತದೆ.

ಕಾನೂನಿನ ಮಾತೂ ಒಂದಿಷ್ಟು ಹೇಳಬೇಕು. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಕಟ್ಟಡದ ಕಲ್ಲು, ಗ್ರಾನೈಟ್ ಉಪಖನಿಜ. ಅದರ ನಿಯಮ, ರಾಜಧನ ರಾಜ್ಯದ ಕೈಯಲ್ಲಿವೆ. ಕಬ್ಬಿಣ, ಚಿನ್ನದಂಥ ಮುಖ್ಯ ಖನಿಜಗಳ ರಾಜಧನದ ದರ ನಿಗದಿ ಮಾಡುವುದು ಕೇಂದ್ರ. ನೆಲ ಒಂದು ಊರಿನದು, ಗುತ್ತಿಗೆ ಕೊಡುವುದು ರಾಜ್ಯ, ದರ ಹಾಕುವುದು ದೆಹಲಿ. ಬಳ್ಳಾರಿಯಲ್ಲಿ ನಡೆದದ್ದಕ್ಕೆ ಬೇರು ಇಲ್ಲಿದೆ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಗಳಲ್ಲಿ ಗಣಿಗಾರಿಕೆ ಹಳೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮ್ಯಾಂಗನೀಸ್ ಹೊರಗೆ ಹೋಗುತ್ತಿತ್ತು. ದೋಣಿಮಲೈಯಲ್ಲಿ ಎನ್‌ಎಂಡಿಸಿ 1977ರಲ್ಲಿ ಗಣಿ ಆರಂಭಿಸಿತು. ಅದಕ್ಕೂ ಮೊದಲು, 1971ರಲ್ಲಿ, ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದರು. ಅದಿರು ಇರುವಲ್ಲಿಯೇ ಉಕ್ಕು ಆಗಲಿ ಎಂಬುದು ಜನರ ಹೋರಾಟದ ಆಸೆ. ಆ ಜಾಗದಲ್ಲಿ ಖಾಸಗಿ ಕಂಪನಿ ಕಾರ್ಖಾನೆ ಕಟ್ಟಲು ಹೊರಟದ್ದು 1994ರಲ್ಲಿ. ಇಪ್ಪತ್ತಮೂರು ವರ್ಷ ಅಡಿಗಲ್ಲು ಕಾದಿತ್ತು.

2000ದ ನಂತರ ಚೀನಾ ಊರುಗಳನ್ನೇ ಹೊಸದಾಗಿ ಕಟ್ಟತೊಡಗಿತು. 2003ರಲ್ಲಿ ಜಪಾನನ್ನು ಹಿಂದೆ ಹಾಕಿ ಜಗತ್ತಿನಲ್ಲಿ ಅತಿ ಹೆಚ್ಚು ಕಬ್ಬಿಣದ ಅದಿರು ಕೊಳ್ಳುವ ದೇಶವಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ತನಗಾಗಿ ಕಾದಿರಿಸಿದ್ದ 11,620 ಚದರ ಕಿಲೋಮೀಟರ್ ಖನಿಜ ಪ್ರದೇಶವನ್ನು ಖಾಸಗಿಯವರಿಗೆ ತೆರೆದಿಟ್ಟಿತು. ಹಿಂದೆ ಕಸವೆಂದು ಬಿಸಾಡಿದ್ದ ಪುಡಿ ಅದಿರಿಗೂ ಬೆಲೆ ಬಂತು. ಹೊಸಪೇಟೆ, ಸಂಡೂರು ಸುತ್ತಲಿನ ರೈತರು ಹೊಲವನ್ನೇ ಅಗೆಯಲು ಕೊಟ್ಟರು. ಸುತ್ತಲಿನ ಜಿಲ್ಲೆಗಳಿಂದ ಕೂಲಿಗಳು ಮಕ್ಕಳು ಮರಿಗಳೊಂದಿಗೆ ಬಂದು ಗುಡಿಸಲು ಹಾಕಿ ಅದಿರು ಒಡೆದರು. ಸಾಲ ಮಾಡಿ ಲಾರಿ ಕೊಂಡವರು ಸಾವಿರಾರು. ಬೆಳೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಕೆಂಪು ಧೂಳು ಕೂತಿತು. ರಾಜ್ಯದ ಉತ್ಪಾದನೆ ವರ್ಷಕ್ಕೆ 4 ಕೋಟಿ ಟನ್ ದಾಟಿತು. 2009-10ರಲ್ಲಿ ಭಾರತ ಹೊರಗೆ ಕಳಿಸಿದ ಅದಿರು ಸುಮಾರು 11.7 ಕೋಟಿ ಟನ್.

ಈ ಸುಗ್ಗಿಯಲ್ಲಿ ಜನರ ಖಜಾನೆಗೆ ಸಂದದ್ದೇನು? ಟನ್ನಿಗೆ ನೂರು ಡಾಲರಿಗಿಂತ ಹೆಚ್ಚು ಬೆಲೆ ನಡೆಯುತ್ತಿದ್ದ 2008ರಲ್ಲೂ ರಾಜಧನ ಟನ್ನಿಗೆ ಇಷ್ಟು ರೂಪಾಯಿ ಎಂದು ಕಟ್ಟಿಹಾಕಿದ ದರ. ಉತ್ತಮ ದರ್ಜೆಯ ಗಟ್ಟಿ ಅದಿರಿಗೂ ಹೆಚ್ಚೆಂದರೆ 27 ರೂಪಾಯಿ. ಬೆಲೆ ಏರಿದರೂ ದರ ಏರದು. ಮಾರಾಟ ಬೆಲೆಯ ಶೇ 10ರಷ್ಟು ಎಂಬ ಹೊಸ ಕ್ರಮ ಬಂದದ್ದು 2009ರ ಆಗಸ್ಟಿನಲ್ಲಿ, ಸುಗ್ಗಿಯ ಬಹುಭಾಗ ಮುಗಿದ ಮೇಲೆ. ಇದು ಕಾನೂನಿನ ಒಳಗೇ ನಡೆದ ನಷ್ಟ. ಕಾನೂನು ಮೀರಿ ನಡೆದದ್ದನ್ನು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರ್ ಮತ್ತು 2011ರ ಜುಲೈನ ಎರಡು ವರದಿಗಳಲ್ಲಿ ಬಿಡಿಸಿಟ್ಟರು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ಟು, ತೂಕದ ಚೀಟಿ, ಬಂದರಿನ ದಾಖಲೆ, ಬ್ಯಾಂಕಿನ ಲೆಕ್ಕಗಳನ್ನು ಒಂದರ ಪಕ್ಕ ಒಂದು ಇಟ್ಟು ತಾಳೆ ನೋಡಿತು. ಗಡಿ ಕಲ್ಲು ಸರಿಸಿ ಅರಣ್ಯ ಅಗೆದದ್ದು, ಅಳತೆ ಮೀರಿ ತುಂಬಿದ ಲಾರಿಗಳು, ಪರ್ಮಿಟ್ಟಿಲ್ಲದೆ ಬಂದರು ಸೇರಿದ ಅದಿರು ಎಲ್ಲ ಹೊರಬಂತು. ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಎರಡನೆಯ ವರದಿ ಲೆಕ್ಕ ಹಾಕಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ವಶಪಡಿಸಿಕೊಂಡಿದ್ದ ಅದಿರಿನಲ್ಲೇ ಲಕ್ಷಾಂತರ ಟನ್ ಕಾಣೆಯಾಯಿತು. ಆ ವರ್ಷ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರ ಮುಂದಾಳತನದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಯಿತು. ಎರಡನೆಯ ವರದಿ ಬಂದ ಕೆಲವೇ ದಿನಗಳಲ್ಲಿ, 2011ರ ಜುಲೈ 31ರಂದು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಗಣಿಯನ್ನು ನಿಲ್ಲಿಸಿದ್ದು ಧಾರವಾಡದ ಒಂದು ಸಂಘಟನೆಯ ಅರ್ಜಿ ಎಂಬುದನ್ನು ಉತ್ತರ ಕರ್ನಾಟಕದವರು ಮರೆಯಬಾರದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರುಗಳಲ್ಲಿ ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪು ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಅತಿ ಹೆಚ್ಚು ಅಕ್ರಮ ಮಾಡಿದ ಸಿ ವರ್ಗದ 51 ಗುತ್ತಿಗೆಗಳನ್ನು ರದ್ದು ಮಾಡಿತು. ರಾಜ್ಯದ ಈ ಮೂರು ಜಿಲ್ಲೆಗಳ ಉತ್ಪಾದನೆಗೆ ವರ್ಷಕ್ಕೆ 3 ಕೋಟಿ ಟನ್ ಮಿತಿ ಹಾಕಿತು. ಅದಿರನ್ನು ಇ-ಹರಾಜಿನಲ್ಲಿ ದೇಶದೊಳಗಿನ ಕಾರ್ಖಾನೆಗಳಿಗೇ ಮಾರಬೇಕಾಯಿತು. ರಫ್ತಿಗೆ ಮತ್ತೆ ಒಪ್ಪಿಗೆ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಹತ್ತಾರು ವರ್ಷಗಳ ಬೇಡಿಕೆಯಿಂದ ಆಗದಿದ್ದದ್ದು, ಅಂದರೆ ಇಲ್ಲಿಯ ಅದಿರು ಇಲ್ಲಿಯೇ ಉಕ್ಕಾಗುವುದು, ಕೋರ್ಟಿನ ತಡೆಯಿಂದ ಆಯಿತು.

ಆದರೆ ಗಣಿ ನಿಂತ ದಿನ ಬೀದಿಗೆ ಬಿದ್ದವರು ಅಕ್ರಮದ ಲಾಭ ಉಂಡವರಲ್ಲ. ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರು, ಗ್ಯಾರೇಜು-ಖಾನಾವಳಿ ಮುಚ್ಚಿದವರು, ಹೊಲ ಅಗೆಸಿಕೊಂಡು ಮತ್ತೆ ಬಿತ್ತಲಾಗದ ರೈತರು. ಹಾಳಾದ ಊರುಗಳನ್ನು ಸರಿಪಡಿಸಲೆಂದು ಹರಾಜಿನ ಹಣದ ಒಂದು ಪಾಲನ್ನು ತೆಗೆದಿರಿಸಲಾಯಿತು, ಅದಕ್ಕಾಗಿ ಗಣಿ ಪರಿಸರ ಪುನಶ್ಚೇತನ ನಿಗಮವೂ ಹುಟ್ಟಿತು. ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಖರ್ಚಾಗದೆ ಬಿದ್ದಿತ್ತು. ಸಂಡೂರಿನ ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತವರಿಗೆ ಆ ಮೊತ್ತದಿಂದ ಏನು ಪ್ರಯೋಜನ?

ಹೊರಗಿನ ಒಂದು ಉದಾಹರಣೆ ಇಲ್ಲಿ ಬೇಕು. ಆಫ್ರಿಕದ ಬೋಟ್ಸ್ವಾನ 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಅತಿ ಬಡ ದೇಶಗಳಲ್ಲೊಂದು. ಮರುವರ್ಷ ಒರಾಪದಲ್ಲಿ ವಜ್ರ ಸಿಕ್ಕಿತು. ಆ ಸರ್ಕಾರ ಡಿ ಬೀರ್ಸ್ ಕಂಪನಿಯ ಜೊತೆ ಪಟ್ಟು ಹಿಡಿದು ಗಣಿಯಲ್ಲಿ ಅರ್ಧ ಪಾಲು ಪಡೆಯಿತು. ಹಣವನ್ನು ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಹಾಕಿತು. 2013ರಲ್ಲಿ ಕಂಪನಿಯ ವಜ್ರ ಮಾರಾಟದ ವ್ಯವಹಾರವೇ ಲಂಡನ್ನಿನಿಂದ ರಾಜಧಾನಿ ಗಾಬರೋನಿಗೆ ಬರುವಂತೆ ಮಾಡಿತು. ನೆಲ ನಮ್ಮದಾದರೆ ವಿಂಗಡಿಸುವ ಮೇಜೂ ನಮ್ಮಲ್ಲಿರಲಿ ಎಂಬ ಹಟ ಅದು. ಅಷ್ಟೆಲ್ಲ ಮಾಡಿದ ದೇಶವೂ ಒಂದೇ ಖನಿಜವನ್ನು ನೆಚ್ಚಿದ್ದರಿಂದ, ಪ್ರಯೋಗಾಲಯದ ವಜ್ರಗಳು ಬಂದು ಬೆಲೆ ಬಿದ್ದಾಗ, 2024ರಲ್ಲಿ ಆರ್ಥಿಕ ಕುಸಿತ ಕಂಡಿತು. ಪ್ರಾಮಾಣಿಕ ಸರ್ಕಾರವಿದ್ದರೂ ಗಣಿಯೊಂದನ್ನೇ ನಂಬಿ ಬದುಕು ಕಟ್ಟಬಾರದು.

ಹುನಗುಂದ-ಇಳಕಲ್ಲಿನ ಸೀಮೆ ಬಳ್ಳಾರಿಯಂತೆ ಗಣಿಯೊಂದನ್ನೇ ನೆಚ್ಚಿಲ್ಲ. ಇಲ್ಲಿ ಜೋಳವಿದೆ, ಕಡಲೆಯಿದೆ, ಮಗ್ಗವಿದೆ, ಸಂಗಮಕ್ಕೆ ಬರುವ ಯಾತ್ರಿಕರಿದ್ದಾರೆ. ಬಸವಣ್ಣನವರು ಓದಿ ಬೆಳೆದ, ಕೊನೆಗೆ ಐಕ್ಯರಾದ ಈ ನೆಲದಲ್ಲಿ ಕಾಯಕಕ್ಕೆ ಬೆಲೆ, ಗಳಿಕೆಯಲ್ಲಿ ಸಮಾಜಕ್ಕೆ ಪಾಲು ಎಂಬ ಎರಡು ಮಾತುಗಳನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕಾನೂನೂ ಈಗ ಆ ದಿಕ್ಕಿಗೆ ಒಂದು ಬಾಗಿಲು ತೆರೆದಿದೆ. 2015ರ ತಿದ್ದುಪಡಿಯ ನಂತರ ಗಣಿಗಾರಿಕೆಯಿಂದ ಬಾಧಿತವಾದ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಗುತ್ತಿಗೆದಾರ ರಾಜಧನದ ಜೊತೆಗೆ ಇದಕ್ಕೂ ಹಣ ಕಟ್ಟಬೇಕು. ಗ್ರಾನೈಟಿನಂಥ ಉಪಖನಿಜದವರಿಂದಲೂ ಅದನ್ನು ಪಡೆಯುವ ಅಧಿಕಾರ ರಾಜ್ಯಕ್ಕಿದೆ. ಆ ಹಣದಲ್ಲಿ ಕನಿಷ್ಠ ಶೇ 60ರಷ್ಟನ್ನು ಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಗಳಿಗೇ ಬಳಸಬೇಕು ಎಂದು ಆರಂಭದಲ್ಲೇ ನಿಯಮವಾಯಿತು. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಾಜಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದೂ ಹೇಳಿತು.

ಹಾಗಾಗಿ ಈ ಸೀಮೆಯ ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ. ಖನಿಜ ಪ್ರತಿಷ್ಠಾನದಿಂದ ನಮ್ಮ ಪಂಚಾಯತಿಗೆ ಬಂದದ್ದೆಷ್ಟು, ಯಾವ ಕೆಲಸಕ್ಕೆ ಹೋಯಿತು ಎಂದು ಲಿಖಿತವಾಗಿ ಕೇಳಿ. ಖಣಿಯಲ್ಲಿ ದುಡಿಯುವವರಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಆಗಬೇಕು, ನೀರು ಹಾಯಿಸಿಯೇ ತೂತು ಕೊರೆಯಬೇಕು ಎಂದು ಒತ್ತಾಯಿಸಿ. ಕಲ್ಲು ಕೊಯ್ದು ಉಜ್ಜುವ, ಕೆತ್ತುವ ಕಸಬಿನ ತರಬೇತಿ ಕೇಂದ್ರ ಇಳಕಲ್ಲಿಗೇ ಬರಲಿ ಎಂದು ನಿಮ್ಮ ಶಾಸಕರಿಗೆ, ಸಂಸದರಿಗೆ ಬರೆಯಿರಿ.